ಹಳೇ ಎಕ್ಸ್‌ಪಿಯಲ್ಲಿ ಹೆಲ್ಪ್ ತೆರೆದ ಕೂಡಲೇ ಮುಚ್ಚಿಹೋದರೆ

ಲ್ಯಾಬ್‌ನ ಮೂಲೆಯಲ್ಲಿ ಒಂದು ವಿಂಡೋಸ್ ಎಕ್ಸ್‌ಪಿ ಯಂತ್ರ ಇದೆ. ಡೆಸ್ಕ್‌ಟಾಪ್ ಮೇಲೆ ಎಫ್1 ಒತ್ತಿದರೆ ‘ಹೆಲ್ಪ್ ಆಂಡ್ ಸಪೋರ್ಟ್’ ಕಿಟಕಿ ಬರುತ್ತಿತ್ತು, ಅರೆಕ್ಷಣ ನಿಲ್ಲುತ್ತಿತ್ತು. ಆಮೇಲೆ ‘ಡೋಂಟ್ ಸೆಂಡ್’ ಬಟನ್ ಇರುವ ಎರರ್ ರಿಪೋರ್ಟ್ ಡಬ್ಬಿ. ಅದನ್ನು ಒತ್ತಿದರೆ ಕಿಟಕಿ ಮಾಯ. ‘ಫಾರ್ಮ್ಯಾಟ್ ಮಾಡಿಬಿಡಿ’ ಅಂತ ಎಲ್ಲರೂ ಹೇಳಿದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತೆ ಅಲ್ವಾ? ಎರಡು ದಿನ ಕೂತು ಕಾರಣ ಹುಡುಕಿದೆ. ಕಲಿತದ್ದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಎಕ್ಸ್‌ಪಿಯ ಹೆಲ್ಪ್ ಒಂದೇ ಪ್ರೋಗ್ರಾಂ ಅಲ್ಲ, ಮೂರು ಪದರ ಇವೆ. ಕಣ್ಣಿಗೆ ಕಾಣುವ ಕಿಟಕಿ ‘ಹೆಲ್ಪ್‌ಸಿಟಿಆರ್’. ಅದರ ಹಿಂದೆ ಸದ್ದಿಲ್ಲದೆ ಓಡುವ ಸರ್ವಿಸ್ ಒಂದಿದೆ, ಅದರ ಹೆಸರೂ ‘ಹೆಲ್ಪ್ ಆಂಡ್ ಸಪೋರ್ಟ್’. ಇನ್ನು ಕಿಟಕಿಯೊಳಗಿನ ಪುಟಗಳು ವೆಬ್ ಪುಟಗಳೇ. ಅವನ್ನು ಬಿಡಿಸಿ ತೋರಿಸುವ ಕೆಲಸ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್‌ದು. ಹಾಗಾಗಿ ಬ್ರೌಸರ್ ಕೆಟ್ಟರೆ ಹೆಲ್ಪ್ ಕೂಡ ಬೀಳುತ್ತೆ. ಎಕ್ಸ್‌ಪಿಯ ರಿಮೋಟ್ ಅಸಿಸ್ಟೆನ್ಸ್ (ಬೇರೆಯವರು ದೂರದಿಂದ ನಮ್ಮ ಯಂತ್ರ ನೋಡಿ ಸಹಾಯ ಮಾಡುವ ಸೌಲಭ್ಯ) ಕೂಡ ಇದೇ ಕಿಟಕಿಯಲ್ಲಿ ಓಡುತ್ತದೆ. ಅದೂ ಬೀಳುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಯಾವ ಪದರ ಕೆಟ್ಟಿದೆ ಅಂತ ಲಕ್ಷಣವೇ ಅರ್ಧ ಹೇಳಿಬಿಡುತ್ತದೆ. ‘ಸಿಸ್ಟಮ್ ಸರ್ವಿಸ್ ಓಡುತ್ತಿಲ್ಲ’ ಅನ್ನುವ ಸಂದೇಶ ಬಂದರೆ ಕೆಲಸ ಸುಲಭ. ಕಂಟ್ರೋಲ್ ಪ್ಯಾನೆಲ್‌ನ ಅಡ್ಮಿನಿಸ್ಟ್ರೇಟಿವ್ ಟೂಲ್ಸ್‌ನಲ್ಲಿ ಸರ್ವಿಸಸ್ ತೆರೆಯಿರಿ. ‘ಹೆಲ್ಪ್ ಆಂಡ್ ಸಪೋರ್ಟ್’ ಅನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಒತ್ತಿ. ಯಂತ್ರ ವೇಗವಾಗಲಿ ಅಂತ ಸರ್ವಿಸ್‌ಗಳನ್ನು ನಿಲ್ಲಿಸಿಬಿಡುವ ರೂಢಿ ಎಕ್ಸ್‌ಪಿ ಕಾಲದಲ್ಲಿ ಜಾಸ್ತಿ ಇತ್ತು. ಯಾರೋ ಹಿಂದೆ ನಿಲ್ಲಿಸಿದ್ದನ್ನು ನಾವು ಈಗ ರೋಗ ಅಂದುಕೊಳ್ಳುತ್ತೇವೆ. ಕಿಟಕಿ ಬಂದು ಬಿಳಿಯಾಗಿ ಖಾಲಿ ನಿಂತರೆ ಸ್ಕ್ರಿಪ್ಟ್ ಫೈಲುಗಳ ನೋಂದಣಿ ತಪ್ಪಿರುವ ಅನುಮಾನ ಬರಬೇಕು. ರನ್ ಡಬ್ಬಿಯಲ್ಲಿ ರೆಗ್‌ಎಸ್‌ವಿಆರ್32 ಅನ್ನುವ ನೋಂದಣಿ ಆಜ್ಞೆ ಬಳಸಿ ಜೆಸ್ಕ್ರಿಪ್ಟ್, ವಿಬಿಸ್ಕ್ರಿಪ್ಟ್ ಎರಡು (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲುಗಳಾದ) ಡಿಎಲ್‌ಎಲ್‌ಗಳನ್ನೂ ಮತ್ತೆ ನೋಂದಾಯಿಸಿ.

ನಮ್ಮ ಯಂತ್ರದ್ದು ಎರಡೂ ಅಲ್ಲ, ಕಿಟಕಿ ನಿಜಕ್ಕೂ ಕ್ರ್ಯಾಶ್ ಆಗುತ್ತಿತ್ತು. ಇಂಥ ಕಡೆ ಊಹೆ ಮಾಡಲು ಹೋಗಬೇಡಿ. ನಾನು ಒಂದು ಗಂಟೆ ಸುಮ್ನೆ ಡಿಎಲ್‌ಎಲ್ ನೋಂದಾಯಿಸುತ್ತಾ ಕೂತಿದ್ದೆ, ಏನೂ ಆಗಲಿಲ್ಲ. ಮೊದಲೇ ತೆರೆಯಬೇಕಿದ್ದದ್ದು ಈವೆಂಟ್ ವ್ಯೂವರ್, ಅಂದರೆ ಯಂತ್ರದಲ್ಲಾದ ತೊಂದರೆಗಳ ದಾಖಲೆ ತೋರಿಸುವ ಉಪಕರಣ. ಅದೂ ಅಡ್ಮಿನಿಸ್ಟ್ರೇಟಿವ್ ಟೂಲ್ಸ್‌ನಲ್ಲೇ ಇದೆ. ಎಡಗಡೆ ‘ಅಪ್ಲಿಕೇಶನ್’ ಆರಿಸಿ, ಹೆಲ್ಪ್ ಬಿದ್ದ ಸಮಯಕ್ಕೆ ಸರಿಯಾದ ಕೆಂಪು ಗುರುತಿನ ಸಾಲನ್ನು ಡಬಲ್ ಕ್ಲಿಕ್ ಮಾಡಿ. ಸೋರ್ಸ್ ‘ಅಪ್ಲಿಕೇಶನ್ ಎರರ್’, ಈವೆಂಟ್ ಸಂಖ್ಯೆ 1000 ಅಂತ ಇರುತ್ತದೆ. ಕೆಳಗಿನ ವಿವರದಲ್ಲಿ ಎರಡು ಹೆಸರು ನೋಡಿ. ‘ಫಾಲ್ಟಿಂಗ್ ಅಪ್ಲಿಕೇಶನ್’ ಅಂದರೆ ಬಿದ್ದ ಪ್ರೋಗ್ರಾಂ. ‘ಫಾಲ್ಟಿಂಗ್ ಮಾಡ್ಯೂಲ್’ ಅಂದರೆ ಬೀಳುವ ಹೊತ್ತಿಗೆ ಯಾವ ಫೈಲಿನ ಕೋಡ್ ಓಡುತ್ತಿತ್ತು ಅನ್ನುವುದು. ನಮಗೆ ಬೇಕಾದ ಸುಳಿವು ಈ ಎರಡನೆಯದು.

ನಮ್ಮಲ್ಲಿ ಅದು ಎಂಎಸ್‌ಎಚ್‌ಟಿಎಂಎಲ್ ಡಿಎಲ್‌ಎಲ್ ಆಗಿತ್ತು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್. ಬ್ರೌಸರ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿತ್ತು ಅಂತ ಲ್ಯಾಬ್‌ನವರು ಆಮೇಲೆ ನೆನಪಿಸಿಕೊಂಡರು. ಎಕ್ಸ್‌ಪಿಗೆ ಸಿಗುವ ಕೊನೆಯ ಆವೃತ್ತಿ ಎಕ್ಸ್‌ಪ್ಲೋರರ್ 8. ಅದನ್ನು ಪೆನ್‌ಡ್ರೈವ್‌ನಿಂದ ಮತ್ತೆ ಹಾಕಿ ರೀಸ್ಟಾರ್ಟ್ ಮಾಡಿದೆ. ಎಫ್1 ಒತ್ತಿದೆ, ಪುಟ ನಿಂತಿತು! ನಿಮ್ಮಲ್ಲಿ ಮೈಕ್ರೋಸಾಫ್ಟ್‌ನದ್ದಲ್ಲದ ಫೈಲಿನ ಹೆಸರು ಬಂದರೆ, ಎಲ್ಲ ಕಿಟಕಿಯೊಳಗೂ ಕೈ ಹಾಕುವ ಟೈಪಿಂಗ್ ಅಥವಾ ಡಿಕ್ಷನರಿ ತಂತ್ರಾಂಶದ ಮೇಲೆ ಕಣ್ಣಿಡಿ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ನೋಡಿ.

ಮಾಡ್ಯೂಲ್ ಹೆಸರು ಹೆಲ್ಪ್‌ಸಿಟಿಆರ್ ಅಂತಲೇ ಬಂದರೆ ಹೆಲ್ಪನ್ನೇ ಮತ್ತೆ ಹಾಕಬಹುದು. ವಿಂಡೋಸ್ ಫೋಲ್ಡರ್‌ನೊಳಗೆ ‘ಇನ್ಫ್’ ಅಂತ ಅಡಗಿಸಿಟ್ಟ ಫೋಲ್ಡರ್ ಇದೆ. ಅಲ್ಲಿರುವ ‘ಪಿಸಿಹೆಲ್ತ್’ ಇನ್ಫ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ಎಕ್ಸ್‌ಪಿ ಸಿಡಿ ಕೇಳುತ್ತೆ. ಇಲ್ಲಿ ಎಚ್ಚರ ಬೇಕು. ಯಂತ್ರದಲ್ಲಿ ಸರ್ವಿಸ್ ಪ್ಯಾಕ್ 3 (ಎಕ್ಸ್‌ಪಿಯ ತಿದ್ದುಪಡಿಗಳ ಮೂರನೇ ಕಟ್ಟು) ಇದ್ದು ಸಿಡಿ ಅದಕ್ಕಿಂತ ಹಳೆಯದಾದರೆ ಹಳೇ ಫೈಲುಗಳು ಬಂದು ಕೂರುತ್ತವೆ. ವಿಂಡೋಸ್ ಫೋಲ್ಡರ್‌ನಲ್ಲೇ ‘ಸರ್ವಿಸ್‌ಪ್ಯಾಕ್‌ಫೈಲ್ಸ್’ ಇದ್ದರೆ ಸಿಡಿ ಬದಲು ಅದರೊಳಗಿನ ಐ386 ಫೋಲ್ಡರ್‌ನ ದಾರಿ ತೋರಿಸಿ.

ಇನ್ನೊಂದು ಕಾರಣ ಹಲವರಿಗೆ ಗೊತ್ತೇ ಇರುವುದಿಲ್ಲ. ಹೆಲ್ಪ್ ಪುಟಗಳ ವಿಳಾಸ ‘ಎಚ್‌ಸಿಪಿ’ ಅಂತ ಶುರುವಾಗುತ್ತದೆ. 2010ರ ಜೂನ್‌ನಲ್ಲಿ ಇದರಲ್ಲೊಂದು ದೊಡ್ಡ ಭದ್ರತಾ ದೋಷ ಬಯಲಾಯಿತು. ಜುಲೈನಲ್ಲಿ ಮೈಕ್ರೋಸಾಫ್ಟ್ ತೇಪೆ (ಪ್ಯಾಚ್) ಕೊಟ್ಟಿತು. ಅಲ್ಲಿಯವರೆಗೆ ತಾತ್ಕಾಲಿಕವಾಗಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಿಂದ ಎಚ್‌ಸಿಪಿ ಕೀಯನ್ನೇ ಅಳಿಸಿ ಅಂತ ಸಲಹೆ ಇತ್ತು. ಅಳಿಸಿದವರು ವಾಪಸ್ ಹಾಕದೆ ಬಿಟ್ಟಿದ್ದರೆ ಎಚ್‌ಸಿಪಿ ಕೊಂಡಿಗಳು ಇಂದಿಗೂ ತೆರೆಯುವುದಿಲ್ಲ. ಅಳಿಸುವ ಮುನ್ನ ಇಟ್ಟ ಬ್ಯಾಕಪ್ ಸಿಕ್ಕರೆ ಡಬಲ್ ಕ್ಲಿಕ್ ಮಾಡಿದರೆ ಸಾಕು. ಆದರೆ ತೇಪೆ ಹಾಕಿದೆಯಾ ಅಂತ ನೋಡದೆ ಕೀ ವಾಪಸ್ ತರಬೇಡಿ.

2014ರ ಏಪ್ರಿಲ್ 8ರಿಂದ ಎಕ್ಸ್‌ಪಿಗೆ ಬೆಂಬಲ ಇಲ್ಲ. ಅದಕ್ಕೇ ಈ ಯಂತ್ರವನ್ನು ನೆಟ್‌ಗೆ ಸೇರಿಸದೆ ಎಲ್ಲವನ್ನೂ ಪೆನ್‌ಡ್ರೈವ್‌ನಿಂದಲೇ ಮಾಡಿದೆ. ನೀವೂ ಹಾಗೇ ಮಾಡಿ.