ದಂಡಾಣುವಿಗೆ ಕೊಂಬು ಬೇಡ

ಕ್ಷಯದ ಸುದ್ದಿ ಬಂದಾಗಲೆಲ್ಲ 'ಮೈಕೋಬ್ಯಾಕ್ಟೀರಿಯಂ ಟ್ಯುಬರ್‌ಕ್ಯುಲೋಸಿಸ್ ಎಂಬ ದುಂಡಾಣು' ಅನ್ನುವ ಸಾಲು ತಪ್ಪದೆ ಹಾಜರು. ದುಂಡಾಣುವಲ್ಲ ಸ್ವಾಮಿ, ದಂಡಾಣು, ಅಂದರೆ ಕೋಲಿನಾಕಾರದ ಬ್ಯಾಕ್ಟೀರಿಯಾ, ಇಂಗ್ಲಿಷಿನ ಬ್ಯಾಸಿಲಸ್. ಒಂದು ಕೊಂಬು ಹೆಚ್ಚಾಗಿ ಕೋಲು ಗುಂಡಾಗಿಬಿಟ್ಟಿದೆ.

ಗ್ರೀಕಿನ 'ಬಾಕ್ಟೇರಿಯೋನ್' ಅಂದರೆ ಪುಟ್ಟ ಕೋಲು. 1828ರಲ್ಲಿ ಜರ್ಮನಿಯ ವಿಜ್ಞಾನಿ ಎಹ್ರೆನ್‌ಬರ್ಗ್ ಅದನ್ನೇ 'ಬ್ಯಾಕ್ಟೀರಿಯಂ' ಎಂದು ಲ್ಯಾಟಿನ್ ರೂಪಕ್ಕಿಳಿಸಿ ಒಂದು ಕುಲಕ್ಕೆ (ಜೀನಸ್) ಹೆಸರಾಗಿಟ್ಟ. ಲ್ಯಾಟಿನ್ನಿನದೇ ಆದ 'ಬ್ಯಾಸಿಲಸ್' ಕೂಡ ಪುಟ್ಟ ಕೋಲೇ. ಬಾಕುಲುಮ್, ಅಂದರೆ ದಂಡ, ಅದರ ಕಿರಿದಾದ ರೂಪ. ಮೂಲದಲ್ಲಿ ಎರಡಕ್ಕೂ ಅರ್ಥ ಒಂದೇ, ಬಳಕೆಯಲ್ಲಿ ದಾರಿ ಬೇರೆಯಾಯಿತು. ಬ್ಯಾಕ್ಟೀರಿಯಾ ಹಿಗ್ಗಿ ಗುಂಡು, ಕೋಲು, ಸುರುಳಿ ಎಲ್ಲಕ್ಕೂ ಸೇರಿದ ಹೆಸರಾಯಿತು. ಬ್ಯಾಸಿಲಸ್ ಕೋಲಿನ ಆಕಾರಕ್ಕೇ ಉಳಿಯಿತು. ಜೊತೆಗೆ ಅದು ಒಂದು ಕುಲದ ಹೆಸರೂ ಹೌದು: ಅಂಥ್ರಾಕ್ಸ್ ತರುವ ಬ್ಯಾಸಿಲಸ್ ಆಂಥ್ರಾಸಿಸ್ ಆ ಕುಲದ್ದು. ಕ್ಷಯದ ಬ್ಯಾಸಿಲಸ್ ಆಕಾರದಿಂದ ಮಾತ್ರ ಬ್ಯಾಸಿಲಸ್, ಕುಲದಿಂದ ಅಲ್ಲ.

ದುಂಡನೆಯವು ಬೇರೆಯೇ ಇವೆ. ಗ್ರೀಕಿನ 'ಕೊಕ್ಕೋಸ್' ಅಂದರೆ ಕಾಳು, ಅದರಿಂದ ಕಾಕಸ್. 'ಸ್ಟಾಫಿಲೆ' ದ್ರಾಕ್ಷಿಗೊಂಚಲು, ಹಾಗಾಗಿ ಗೊಂಚಲಾಗಿರುವುದು ಸ್ಟಾಫಿಲೋಕಾಕಸ್. 'ಸ್ಟ್ರೆಪ್ಟೋಸ್' ಅಂದರೆ ಹುರಿಗೊಂಡದ್ದು. ಸರದಂತೆ ಕಾಣುವುದು ಸ್ಟ್ರೆಪ್ಟೋಕಾಕಸ್. ಇವನ್ನು ಧಾರಾಳವಾಗಿ ದುಂಡಾಣು ಅನ್ನಿ, ತಕರಾರಿಲ್ಲ.

ಕ್ಷಯದ್ದು ಕೋಲೇ ಎಂಬುದಕ್ಕೆ ಕಫ ಪರೀಕ್ಷೆಯ ಸ್ಲೈಡ್ ಸಾಕ್ಷಿ. ಕಾರ್ಬಾಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣ ಸುರಿದು ಆವಿ ಏಳುವವರೆಗೆ ಬಿಸಿ ಮಾಡಿ ಸುಮಾರು ಐದು ನಿಮಿಷ ಬಿಡುತ್ತಾರೆ, ಆಮ್ಲದಲ್ಲಿ ಬಣ್ಣ ತೆಗೆಯುತ್ತಾರೆ, ಕೊನೆಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕುತ್ತಾರೆ. ಮೇಣದಂಥ ಕೋಶಭಿತ್ತಿ ಕೆಂಪನ್ನು ಬಿಟ್ಟುಕೊಡುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ 2ರಿಂದ 4 ಮೈಕ್ರೋಮೀಟರ್ ಉದ್ದದ ಕೆಂಪು ಕಡ್ಡಿಗಳು ಕಾಣುತ್ತವೆ. ಬಿಸಿ ಮಾಡುವಾಗ ಕುದಿಸಿಬಿಟ್ಟರೆ ಇಲ್ಲವೇ ಸ್ಲೈಡ್ ಒಣಗಲು ಬಿಟ್ಟರೆ ಬಣ್ಣವೇ ಹರಳುಗಟ್ಟಿ ಕೆಂಪು ಚುಕ್ಕೆಯಾಗಿ ಕಣ್ಣಿಗೆ ಮೋಸ ಮಾಡುತ್ತದೆ. ವರದಿಯಲ್ಲಿ ಬರುವ 'ಎ.ಎಫ್.ಬಿ.' ಅಂದರೆ ಆಸಿಡ್ ಫಾಸ್ಟ್ ಬ್ಯಾಸಿಲೈ, ಆಮ್ಲಕ್ಕೂ ಬಣ್ಣ ಬಿಡದ ದಂಡಾಣುಗಳು; ಕೊನೆಯ ಬಿ, ಬ್ಯಾಸಿಲೈ. ಬ್ಯಾಸಿಲಸ್‌ನ ಬಹುವಚನ ಅಷ್ಟೆ.

'ಮೈಕೋ' ಕಂಡೊಡನೆ ಶಿಲೀಂಧ್ರ ಎಂದು ಬರೆಯುವವರೂ ಇದ್ದಾರೆ. ಗ್ರೀಕಿನಲ್ಲಿ 'ಮೈಕೇಸ್' ಅಣಬೆಯೇನೋ ನಿಜ. ಆದರೆ 1896ರಲ್ಲಿ ವಿಜ್ಞಾನಿಗಳಾದ ಲೇಮನ್ ಮತ್ತು ನಾಯ್ಮನ್ ಈ ಹೆಸರಿಟ್ಟದ್ದು, ದ್ರವದ ಮೇಲೆ ಇದು ಬೂಷ್ಟಿನಂತೆ ಕೆನೆಗಟ್ಟಿ ಬೆಳೆಯುವುದನ್ನು ನೋಡಿ. ಬೆಳೆಯುವ ರೀತಿ ಬೂಷ್ಟಿನದು, ಜೀವಿ ಬ್ಯಾಕ್ಟೀರಿಯಾ.