ಕಲ್ಯಾಣಿಗೆ ನೀರು ಎಲ್ಲಿಂದ ಬರುತ್ತೆ?

‘ಸರ್, ಅವರು ಕಲ್ಯಾಣಿಗೆ ಕಂಠಪೂರ್ತಿ ನೀರು ತುಂಬಿಸಿಬಿಟ್ಟಿದ್ದಾರೆ!’

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಲ್ಯಾಬಿನಿಂದ ಓಡಿಬಂದು ದೂರು ಕೊಟ್ಟಳು. ‘ಅವರು’ ಅಂದರೆ ಫಿನ್ಲೆಂಡಿನ ಒಂದು ಶಾಲೆಯ ಮಕ್ಕಳು. ಕಲ್ಯಾಣಿ ಅಂದರೆ ಹಂಪಿಯಲ್ಲಿ ಮಹಾನವಮಿ ದಿಬ್ಬದ ಹತ್ತಿರವಿರುವ ಕರಿಕಲ್ಲಿನ ಮೆಟ್ಟಿಲುಕೊಳ. ನಮ್ಮ ಮಕ್ಕಳು ಕೊಟ್ಟ ವಿವರ ನೋಡಿ ಅವರು ಅದನ್ನು ಲುವಾಂಟಿ ಎಂಬ ವರ್ಚುವಲ್ ಲೋಕದಲ್ಲಿ ಒಂದೊಂದೇ ಬ್ಲಾಕ್ ಇಟ್ಟು ಕಟ್ಟುತ್ತಿದ್ದರು.

ದೂರದ ಎರಡು ಶಾಲೆಗಳನ್ನು ಹೀಗೆ ಒಂದೇ ಲೋಕಕ್ಕೆ ಇಳಿಸೋದು ನನ್ನ ಕೆಲಸ. ಮೊದಲ ಸಲ ದೊಡ್ಡ ತಪ್ಪು ಮಾಡಿದ್ದೆ. ಎರಡೂ ಕಡೆಯವರನ್ನು ಒಂದೇ ಹೊತ್ತಿಗೆ ಒಳಗೆ ಬಿಟ್ಟೆ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಮಧ್ಯಾಹ್ನ 12.30. ಊಟದ ಬೆಲ್ ಹೊಡೆಯುವ ಹೊತ್ತು. ಮಕ್ಕಳು ‘ಹಾಯ್’ ಅಂದರು, ಕುಣಿದರು, ಒಬ್ಬರ ಮೇಲೊಬ್ಬರು ಬಕೆಟ್‌ಗಟ್ಟಲೆ ನೀರು ಸುರಿದರು. ಪೀರಿಯಡ್ ಮುಗೀತು. ಕಲಿತದ್ದು ಏನೂ ಇಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಬೇಕಾದ್ದು ಏನಾದರೂ ಇದ್ದರೆ ತಾನೇ ಮಾತು ಮುಂದುವರಿಯೋದು?

ದಾರಿ ತೋರಿಸಿದ್ದು ಹಂಪಿಯ ಆ ಕೊಳವೇ. 1980ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಮಣ್ಣು ತೆಗೆದಾಗ ಬೆಳಕಿಗೆ ಬಂದ ಕೊಳ ಅದು. ಐದು ಹಂತ, ಪ್ರತಿ ಹಂತದಲ್ಲೂ ಗೋಪುರದ ಹಾಗೆ ಜೋಡಿಸಿದ ಪುಟ್ಟ ಮೆಟ್ಟಿಲುಗಳು. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಸಣ್ಣ ಗುರುತುಗಳಿವೆ. ಈ ಕಲ್ಲು ಯಾವ ದಿಕ್ಕಿನದು, ಎಷ್ಟನೇ ಸಾಲಿನದು, ಯಾವ ಜಾಗದ್ದು ಅಂತ. ಕಡೆದವರು ಜೋಡಿಸುವವರ ಪಕ್ಕ ನಿಂತಿರಬೇಕಾಗಿರಲಿಲ್ಲ. ಗುರುತೇ ಮಾತಾಡುತ್ತಿತ್ತು.

ನಾವೂ ಹಾಗೇ ಮಾಡಿದೆವು. ಒಟ್ಟಿಗೆ ಆಡುವ ಹೊತ್ತನ್ನು ತೆಗೆದುಹಾಕಿದೆವು. ಲುವಾಂಟಿಯಲ್ಲಿ ಚಾಟ್ ಮಾಡುವ ಅನುಮತಿಯನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಕೊಡಬಹುದು, ತೆಗೆಯಬಹುದು. ಎಲ್ಲರದ್ದೂ ತೆಗೆದೆವು. ಉಳಿದದ್ದು ಮರದ ಬೋರ್ಡ್ ಮಾತ್ರ. ಹೇಳೋದನ್ನು ಅದರ ಮೇಲೆ ಬರೆದು ನೆಟ್ಟು ಹೋಗಬೇಕು. ನಿಮ್ಮ ಜಾಗವನ್ನು ಅವರು ಕಟ್ಟಬೇಕು, ಅವರದ್ದನ್ನು ನೀವು. ಅಳತೆ, ವಿವರಣೆ ಜಾಗದವರದ್ದು, ಕೈಕೆಲಸ ಇನ್ನೊಬ್ಬರದ್ದು. ಕಲ್ಯಾಣಿಯ ಒಂದು ಮೂಲೆಯನ್ನು ಮಾತ್ರ ನಮ್ಮ ಮಕ್ಕಳು ಮಾದರಿಗೆ ಕಟ್ಟಿಕೊಟ್ಟಿದ್ದರು. ಬೋರ್ಡಿನ ಭಾಷೆ ಇಂಗ್ಲಿಷ್, ಎರಡೂ ಕಡೆಯವರಿಗೆ ಅಷ್ಟಕ್ಕಷ್ಟೇ. (ಕನ್ನಡ ಬರೆದರೆ ಲುವಾಂಟಿಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಇದು ನನ್ನ ಹಳೇ ಸಂಕಟ.)

ಈಗ ನೀರಿನ ವಿಷಯ. ಫಿನ್ಲೆಂಡ್ ಸಾವಿರಾರು ಕೆರೆಗಳ ನಾಡು. ಆ ಮಕ್ಕಳಿಗೆ ಕೊಳ ಅಂದರೆ ತುಂಬಿರುವುದೇ. ನಮ್ಮ ಹುಡುಗಿ ಬೋರ್ಡ್ ನೆಟ್ಟಳು: ‘ಬೇಸಿಗೆಯಲ್ಲಿ ನೀರು ಕೆಳಗೆ ಇಳಿಯುತ್ತೆ, ಅದಕ್ಕೇ ಮೆಟ್ಟಿಲು.’ ಮಾರನೇ ದಿನ ಉತ್ತರ ಬಂತು: ‘ಸರಿ. ಆದರೆ ನೀರು ಎಲ್ಲಿಂದ ಬರುತ್ತೆ?’ ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊಳಕ್ಕೆ ನೀರು ತರುವ ಕಲ್ಲಿನ ಕಾಲುವೆಯ ಸುದ್ದಿಯನ್ನೇ ನಮ್ಮವರು ಬರೆದಿರಲಿಲ್ಲ! ಫೋಟೋದಲ್ಲಿ ಕಂಬಗಳ ಮೇಲೆ ಹಾದುಹೋಗುವ ಆ ಕಾಲುವೆಯನ್ನು ನೂರು ಸಲ ನೋಡಿದ್ದರು, ಅದು ಯಾಕಿದೆ ಅಂತ ಕೇಳಿರಲಿಲ್ಲ.

ನಮ್ಮವರೂ ಎಡವಿದರು. ಅವರ ಹೊಗೆ ಸೌನಾ, ಅಂದರೆ ಬಿಸಿ ಹಬೆಯಲ್ಲಿ ಕೂರುವ ಸ್ನಾನದ ಮನೆ, ಕಟ್ಟುವ ಸರದಿ. ಮರದ ದಿಮ್ಮಿಯ ಮನೆ, ಒಳಗೆ ಒಲೆ. ಚೆಂದಕ್ಕೆ ಮೇಲೊಂದು ಚಿಮಣಿ ಇಟ್ಟರು. ಬೋರ್ಡ್ ಬಂತು: ‘ಚಿಮಣಿ ಇಲ್ಲ! ಹೊಗೆ ಒಳಗೇ ತುಂಬಬೇಕು.’ ಒಬ್ಬ ಹುಡುಗ ನಕ್ಕುಬಿಟ್ಟ, ‘ನಮ್ಮಜ್ಜಿ ಅಡುಗೆಮನೆ ಥರ.’

ದೂರದ ಶಾಲೆಗಳನ್ನು ಹೀಗೆ ಕೂಡಿಸೋದು ಹೊಸ ಉಪಾಯವೇನಲ್ಲ. 2005ರಲ್ಲಿ ಹದಿಹರೆಯದವರಿಗೆಂದೇ ಟೀನ್ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕ ಶುರುವಾಗಿತ್ತು. ಸಿಡ್ನಿಯ ಶಾಲೆಯೊಂದರಿಂದ ಹುಟ್ಟಿದ ಸ್ಕೂಲಾಬೊರೇಟ್ ಯೋಜನೆ ಬೇರೆ ಬೇರೆ ದೇಶಗಳ ಶಾಲೆಗಳನ್ನು ಅಲ್ಲಿ ಕೂಡಿಸಿತ್ತು. 2010ರ ಕೊನೆಗೆ ಅದನ್ನು ನಡೆಸುತ್ತಿದ್ದ ಕಂಪನಿ ಆ ಲೋಕವನ್ನೇ ಮುಚ್ಚಿತು. ಬಾಡಿಗೆ ಜಾಗದಲ್ಲಿ ಮನೆ ಕಟ್ಟಿದ ಹಾಗೆ. ಬ್ಲಾಕ್ ಇಟ್ಟು ಕಟ್ಟುವ ಇನ್ನೊಂದು ಆಟ ಮೈನ್‌ಕ್ರಾಫ್ಟ್‌ನ ಶಿಕ್ಷಣ ಆವೃತ್ತಿ 2016ರಿಂದ ಇದೆ, ಚೆನ್ನಾಗಿಯೂ ಇದೆ, ಆದರೆ ಅದಕ್ಕೆ ಲೈಸೆನ್ಸ್ ಬೇಕು. ಲುವಾಂಟಿ ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. 2010ರಲ್ಲಿ ಮೈನ್‌ಟೆಸ್ಟ್ ಹೆಸರಿನಲ್ಲಿ ಇದನ್ನು ಶುರುಮಾಡಿದ್ದೂ ಫಿನ್ಲೆಂಡಿನವರೇ ಅನ್ನೋದು ಕಾಕತಾಳೀಯ. ಇಡೀ ಲೋಕ ಅಂದರೆ ಸರ್ವರ್‌ನಲ್ಲಿರುವ ಒಂದು ಫೋಲ್ಡರ್. ಅದನ್ನು ಕಾಪಿ ಮಾಡಿಟ್ಟರೆ ಬ್ಯಾಕಪ್ ಆಯ್ತು. ನಾನು ಒಮ್ಮೆ ಮಾಡದೆ, ಮೂರು ವಾರದ ಕೆಲಸ ಕಳೆದುಕೊಂಡು ಮಕ್ಕಳ ಹತ್ತಿರ ಬೈಸಿಕೊಂಡಿದ್ದೇನೆ.

ಟೀಚರುಗಳು ಜಾಸ್ತಿ ಕೇಳೋದು ಕೀಟಲೆಯ ಬಗ್ಗೆ. ರೋಲ್‌ಬ್ಯಾಕ್ ರೆಕಾರ್ಡಿಂಗ್ ಆನ್ ಮಾಡಿಡಿ. ಯಾವ ಬ್ಲಾಕನ್ನು ಯಾರು ಕಿತ್ತರು ಅಂತ ಗೊತ್ತಾಗುತ್ತದೆ, ವಾಪಸ್ ಇಡಲೂ ಬಹುದು. ಹೆಸರಿನ ವಿಷಯದಲ್ಲಿ ಮಾತ್ರ ನಾನು ಬಿಗಿ. ಮಕ್ಕಳ ನಿಜವಾದ ಹೆಸರು, ಊರು, ಫೋಟೋ ಯಾವುದೂ ಒಳಗೆ ಹೋಗಬಾರದು. ಅಪ್ಪ ಅಮ್ಮನ ಒಪ್ಪಿಗೆ ಮೊದಲೇ ಬೇಕು.

ಹೋದ ವಾರ ಕಾಲುವೆ ಮುಗೀತು. ಅದರ ತುದಿಯಲ್ಲಿ ಹೊಸ ಬೋರ್ಡ್ ಕಾಯುತ್ತಿತ್ತು: ‘ಮಳೆ ಬರದ ವರ್ಷ ಏನು ಮಾಡ್ತೀರಿ?’ ಯಾರೂ ಇನ್ನೂ ಉತ್ತರ ಬರೆದಿಲ್ಲ. ಇಬ್ಬರು ಹುಡುಗರು ತಾತನನ್ನು ಕೇಳಿಕೊಂಡು ಬರ್ತೀವಿ ಅಂತ ನೋಟ್‌ಬುಕ್ ಹಿಡಿದು ಹೋಗಿದ್ದಾರೆ.