ವಾರಾಂತ್ಯದವರಿಗೆ ಕಟ್ಟಿದ ಕ್ಲಬ್, ವರ್ಷಪೂರ್ತಿ ಗಾಡಿಯಲ್ಲಿರುವವರ ಲೆಕ್ಕ

ಕಳೆದ ತಿಂಗಳು ನಮ್ಮ ದೊಡ್ಡಪ್ಪನ ಮಗ ಕ್ಯಾಲಿಫೋರ್ನಿಯಾದಿಂದ ಫೋನ್ ಮಾಡಿದ್ದ. "ಮನೆ ಮಾರಿಬಿಟ್ಟೆವು ಕಣೋ. ಇನ್ಮೇಲೆ ಗಾಡಿಯೇ ಮನೆ" ಅಂದ. ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದಾನೆ, ಮಕ್ಕಳು ಅವರವರ ದಾರಿ ಹಿಡಿದಿದ್ದಾರೆ. ಅತ್ತಿಗೆ ಫೋನ್ ಇಸಿದುಕೊಂಡು ನೇರವಾಗಿ ವಿಷಯಕ್ಕೆ ಬಂದರು. "ಆ ಕ್ಯಾಂಪ್‌ಗ್ರೌಂಡ್ ಮೆಂಬರ್‌ಶಿಪ್ ಅಂತಾರಲ್ಲ, ಅದನ್ನ ತಗೊಳ್ಳೋದಾ, ಬೇಡ್ವಾ? ನೀವು ಎರಡು ವರ್ಷ ಹೀಗೇ ಇದ್ದವರು, ನೀನೇ ಹೇಳು."

ಆಗ ನಾನು ಕೊಟ್ಟ ಉತ್ತರ ನನಗೇ ಸಾಕಾಗಲಿಲ್ಲ. ಯಾಕೆಂದರೆ ದುಡ್ಡು ಕಟ್ಟಿ ಸೇರಿ, ಅವರ ಪಾರ್ಕುಗಳಲ್ಲಿ ಗಾಡಿ ನಿಲ್ಲಿಸಿ ತಂಗುವ ಈ ಕ್ಲಬ್‌ಗಳ ನಿಯಮಗಳನ್ನು ಸುಮ್ನೆ ಓದಿದರೆ ಅರ್ಥವಾಗುವುದಿಲ್ಲ. ಹದಿನಾಲ್ಕು ರಾತ್ರಿ ಇರಿ, ಆಮೇಲೆ ಏಳು ರಾತ್ರಿ ಹೊರಗೆ ಹೋಗಿ ಅನ್ನುತ್ತಾರೆ. ಯಾಕೆ ಹಾಗೆ? ಇವನ್ನು ಯಾರಿಗಾಗಿ ಕಟ್ಟಿದರು ಅನ್ನುವುದು ಗೊತ್ತಾದರೆ ಒಂದೊಂದೇ ನಿಯಮದ ಕಾರಣ ಕಾಣಿಸುತ್ತದೆ. ಅದಕ್ಕೇ ಈ ಲೇಖನ.

ಮೊದಲು ಎರಡು ಮಾತು, ಈ ಲೋಕ ಗೊತ್ತಿಲ್ಲದವರಿಗಾಗಿ. ಆರ್‌ವಿ ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿ. ಕೆಲವು ತಾವೇ ಓಡುತ್ತವೆ, ಕೆಲವನ್ನು ಟ್ರಕ್‌ನ ಹಿಂದೆ ಎಳೆದುಕೊಂಡು ಹೋಗಬೇಕು. ರಾತ್ರಿ ನಿಲ್ಲಿಸುವ ಜಾಗದಲ್ಲಿ ಕರೆಂಟು, ನೀರು, ಕೊಳಚೆ ಪೈಪು ಸಿಕ್ಕಿದರೆ ಅದಕ್ಕೆ ಹುಕ್‌ಅಪ್ ಅನ್ನುತ್ತಾರೆ. ಬೇರೆ ಮನೆಯೇ ಇಲ್ಲದೆ ವರ್ಷಪೂರ್ತಿ ಹೀಗೆ ಬದುಕುವವರು ಫುಲ್‌ಟೈಮರ್‌ಗಳು. ಅವರಿಗೆ ನಿಲ್ಲುವ ಜಾಗದ ಬಾಡಿಗೆಯೇ ಮನೆ ಬಾಡಿಗೆ.

ಮೊದಲು ಇದ್ದದ್ದು ಒಂದು ರಾತ್ರಿಗೆ ಇಷ್ಟು ಅಂತ ಕೊಡುವ ಪದ್ಧತಿ. 1962ರಲ್ಲಿ ಸಿಯಾಟಲ್‌ನಲ್ಲಿ ವಿಶ್ವ ಮೇಳ ನಡೆಯಿತು. ಮೊಂಟಾನಾದ ಬಿಲ್ಲಿಂಗ್ಸ್ ಊರಿನ ಮೂಲಕ ಸಾವಿರಾರು ಕುಟುಂಬಗಳು ಕಾರು, ಟ್ರೈಲರ್ ಕಟ್ಟಿಕೊಂಡು ಆ ಕಡೆ ಹೊರಟವು. ಅಲ್ಲಿನ ಡೇವ್ ಡ್ರಮ್ ಅನ್ನುವವರು ಯೆಲ್ಲೋಸ್ಟೋನ್ ನದಿಯ ದಡದಲ್ಲಿದ್ದ ತಮ್ಮ ಜಾಗದಲ್ಲಿ ತಂಗಲು ವ್ಯವಸ್ಥೆ ಮಾಡಿದರು. ರಾತ್ರಿಗೆ 1.75 ಡಾಲರ್. ಬಿಸಿನೀರಿನ ಸ್ನಾನ, ಶೌಚಾಲಯ, ಒಂದು ಸಣ್ಣ ಅಂಗಡಿ. ಅದೇ ಕೆಒಎ ಅನ್ನುವ ಕ್ಯಾಂಪ್‌ಗ್ರೌಂಡ್ ಸರಪಳಿಯ ಹುಟ್ಟು. ಅಲ್ಲಿ ಯಾವ ಬಂಧನವೂ ಇರಲಿಲ್ಲ. ಬಂದೆ, ದುಡ್ಡು ಕೊಟ್ಟೆ, ಮಲಗಿದೆ, ಹೋದೆ.

ಬೇರೆ ದಾರಿ ತೋರಿಸಿದವರು ಮಿಲ್ಟನ್ ಕೂಲ್ಟ್. ಬೋಯಿಂಗ್‌ನಲ್ಲಿ ಕೆಲಸ ಮಾಡಿದ್ದವರು. 1969ರಲ್ಲಿ ಥೌಸಂಡ್ ಟ್ರೇಲ್ಸ್ ಅನ್ನುವ ಸದಸ್ಯತ್ವದ ಕ್ಲಬ್ ಶುರು ಮಾಡಿದರು. ಸಿಯಾಟಲ್‌ಗೂ ಪೋರ್ಟ್‌ಲ್ಯಾಂಡ್‌ಗೂ ನಡುವಿನ ಚೆಹೇಲಿಸ್ ಹತ್ತಿರ, ಕಾಡಿನ ಮಧ್ಯೆ, ಅವರ ಮೊದಲ ಪಾರ್ಕ್ ಬಂತು. ಇದೇ ಮನುಷ್ಯ ಮುಂದೆ 1981ರಲ್ಲಿ ಹೊರೈಜನ್ ಏರ್ ಅನ್ನುವ ವಿಮಾನ ಕಂಪನಿಯನ್ನೂ ಕಟ್ಟಿದರು.

ಕೂಲ್ಟ್ ಅವರ ಯೋಚನೆ ಸರಳ. ಸರ್ಕಾರಿ ಪಾರ್ಕುಗಳಲ್ಲಿ ಜಾಗ ಸಿಗುವುದಿಲ್ಲ, ಬೇರೆ ಕಡೆ ಗಲಾಟೆ. ನಗರದಿಂದ ಎರಡು ಮೂರು ಗಂಟೆ ದೂರದಲ್ಲಿ ಗೇಟು, ಕಾವಲು, ಈಜುಕೊಳ, ಕ್ಲಬ್‌ಹೌಸ್ ಇರುವ ಪಾರ್ಕ್ ಇದ್ದರೆ ಕುಟುಂಬಗಳು ನೆಮ್ಮದಿಯಾಗಿ ಶನಿವಾರ ಭಾನುವಾರ ಕಳೆಯಬಹುದು. ಮೊದಲಿಗೆ ಒಂದು ದೊಡ್ಡ ಮೊತ್ತ ಕಟ್ಟಬೇಕು, ಆಮೇಲೆ ಪ್ರತಿವರ್ಷ ನಿರ್ವಹಣಾ ಶುಲ್ಕ. ತಂಗಿದ ರಾತ್ರಿಗಳಿಗೆ ಬೇರೆ ಬಾಡಿಗೆ ಇಲ್ಲ.

ನಮ್ಮವರಿಗೆ ಇದು ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡ ಹಾಗೆ ಕಾಣಬಹುದು. ದೊಡ್ಡ ದುಡ್ಡು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು ಅಲ್ವಾ? ಆದರೆ ಭೋಗ್ಯದ ದುಡ್ಡು ಅವಧಿ ಮುಗಿದ ಮೇಲೆ ವಾಪಸ್ ಬರಬೇಕು. ಇದು ಬರುವುದಿಲ್ಲ. ಹೆಚ್ಚಿನ ಒಪ್ಪಂದಗಳಲ್ಲಿ ಜಮೀನಿನ ಮೇಲೆ ಹಕ್ಕೂ ಇಲ್ಲ, ಬಳಸುವ ಹಕ್ಕು ಮಾತ್ರ. ಅಣ್ಣನಿಗೆ ಮೊದಲು ಹೇಳಿದ್ದು ಇದನ್ನೇ. "ಲೈಫ್‌ಟೈಮ್ ಆಸ್ತಿ" ಅಂತ ಯಾರಾದರೂ ಹೇಳಿದರೆ ಆಸ್ತಿ ಅನ್ನುವ ಮಾತನ್ನು ಅಲ್ಲೇ ಹೊಡೆದುಹಾಕು ಅಂದೆ.

ಈ ವ್ಯಾಪಾರ ನಡೆಯುವುದು ಒಂದು ಲೆಕ್ಕದ ಮೇಲೆ. ಪಾರ್ಕಿನಲ್ಲಿ ಇರುವ ಜಾಗಕ್ಕಿಂತ ಹಲವು ಪಟ್ಟು ಜಾಸ್ತಿ ಸದಸ್ಯರನ್ನು ಸೇರಿಸಿಕೊಳ್ಳುತ್ತಾರೆ. ಎಲ್ಲರೂ ಒಂದೇ ದಿನ ಬರುವುದಿಲ್ಲ ಅನ್ನುವ ಭರವಸೆ ಅದರ ಹಿಂದಿದೆ. ಜಿಮ್‌ಗಳು ಮಾಡುವುದೂ ಇದನ್ನೇ. ಅದರಲ್ಲಿ ಮೋಸ ಇದೆ ಅಂತ ನಾನು ಹೇಳುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬ ವರ್ಷಕ್ಕೆ ಹದಿನೈದು ಇಪ್ಪತ್ತು ರಾತ್ರಿ ಬಂದರೆ ಎಲ್ಲರಿಗೂ ಜಾಗ ಸಾಕು. ಆದರೆ ಮುನ್ನೂರು ರಾತ್ರಿ ಬೇಕು ಅನ್ನುವ ಸದಸ್ಯ ಬಂದರೆ? ಆ ಲೆಕ್ಕದಲ್ಲಿ ಅವನಿಗೆ ಜಾಗವೇ ಇರಲಿಲ್ಲ. ಫುಲ್‌ಟೈಮರ್ ಅಂದರೆ ಅವನೇ. ಹದಿನಾಲ್ಕು ರಾತ್ರಿಯ ಮಿತಿ, ಹೊರಗೆ ಇರಬೇಕಾದ ಏಳು ರಾತ್ರಿ, ಎಷ್ಟು ದಿನ ಮುಂಚೆ ಬುಕ್ ಮಾಡಬಹುದು ಅನ್ನುವ ಕಟ್ಟಳೆ, ಇವೆಲ್ಲ ಒಬ್ಬನೇ ಜಾಗ ಹಿಡಿದು ಕೂರದ ಹಾಗೆ ನೋಡಿಕೊಳ್ಳುತ್ತವೆ.

1972ರಲ್ಲಿ ಕೋಸ್ಟ್ ಟು ಕೋಸ್ಟ್ ಬಂತು. ಒಂದು ಊರಿನ ಪಾರ್ಕಿನ ಸದಸ್ಯರು ಬೇರೆ ಊರಿನ ಪಾರ್ಕಿನಲ್ಲಿ ಕಡಿಮೆ ದರಕ್ಕೆ ತಂಗುವ ವಿನಿಮಯ ಜಾಲ ಅದು. ಇದು ಬಂದ ಮೇಲೆ ಸಣ್ಣ ಪಾರ್ಕುಗಳೂ "ನಮ್ಮಲ್ಲಿ ಸೇರಿ, ದೇಶವೆಲ್ಲ ಸುತ್ತಿ" ಅಂತ ಸದಸ್ಯತ್ವ ಮಾರಲು ಸಾಧ್ಯವಾಯಿತು.

1980ರ ದಶಕದಲ್ಲಿ ಈ ಮಾರಾಟ ಹದ್ದು ಮೀರಿತು. ಅಂಚೆಯಲ್ಲಿ ಕಾಗದ ಬರುತ್ತಿತ್ತು: ನಿಮಗೆ ಉಡುಗೊರೆ ಬಂದಿದೆ, ಬಂದು ತೆಗೆದುಕೊಂಡು ಹೋಗಿ, ಹಾಗೇ ಪಾರ್ಕನ್ನೂ ಒಮ್ಮೆ ನೋಡಿ. ಹೋದರೆ ಗಂಟೆಗಟ್ಟಲೆ ಕೂರಿಸಿ, ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ ಅನ್ನುತ್ತಿದ್ದರು. ನಮ್ಮ ಮಾಲ್‌ಗಳಲ್ಲಿ ಕೂಪನ್ ತುಂಬಿಸಿಕೊಂಡು ಆಮೇಲೆ ಹಾಲಿಡೇ ಪ್ಯಾಕೇಜ್ ಮಾರುವವರನ್ನು ನೋಡಿದವರಿಗೆ ಇದು ಹೊಸದಲ್ಲ. ದೂರುಗಳು ಹೆಚ್ಚಿದ ಮೇಲೆ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳು ಈ ವ್ಯಾಪಾರಕ್ಕೇ ಪ್ರತ್ಯೇಕ ಕಾನೂನು ಮಾಡಿದವು. ಸಹಿ ಹಾಕಿದ ಮೇಲೆ ಇಂತಿಷ್ಟು ದಿನದೊಳಗೆ ರದ್ದು ಮಾಡುವ ಹಕ್ಕು ಒಪ್ಪಂದದಲ್ಲಿ ಇದ್ದರೆ ಅದು ಇಂಥ ಕಾನೂನುಗಳ ಫಲ. ಆ ದಿನಗಳ ಎಣಿಕೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಹಿ ಹಾಕುವ ಮೊದಲೇ ಆ ಸಾಲು ಎಲ್ಲಿದೆ ಅಂತ ಹುಡುಕಿ ಇಟ್ಟುಕೊಳ್ಳಬೇಕು.

ನಾವೂ ಒಮ್ಮೆ ಅಂಥ ಮಾತುಕತೆಗೆ ಹೋಗಿದ್ದೆವು. ಯಾವ ಕಂಪನಿ ಅನ್ನುವುದು ಇಲ್ಲಿ ಮುಖ್ಯವಲ್ಲ. ಒಂದೂವರೆ ಗಂಟೆ ಅಂದಿದ್ದು ನಾಲ್ಕು ಗಂಟೆ ಆಯಿತು. ಒಪ್ಪಂದದ ಪ್ರತಿ ಕೊಡಿ, ರಾತ್ರಿ ಓದಿ ನಾಳೆ ಹೇಳುತ್ತೇವೆ ಅಂದರೆ ಕೊಡಲಿಲ್ಲ. ನನ್ನ ಹೆಂಡತಿ ಎದ್ದು ನಿಂತಳು. "ಮನೆಗೆ ಒಯ್ದು ಓದೋಕೆ ಕೊಡದ ಕಾಗದಕ್ಕೆ ಸಹಿ ಹಾಕಲ್ಲ" ಅಂದಳು. ಇವತ್ತಿಗೂ ಅದೇ ಸರಿ ಅನಿಸುತ್ತದೆ. ಅತ್ತಿಗೆಗೂ ಹಾಗೇ ಹೇಳಿದ್ದೇನೆ.

ಮಾರಾಟದ ಮೇಲೇ ನಿಂತ ಕಂಪನಿಗಳು ಮಾರಾಟ ನಿಧಾನವಾದಾಗ ಕುಸಿಯುತ್ತವೆ. ಥೌಸಂಡ್ ಟ್ರೇಲ್ಸ್ ಟೆಕ್ಸಸ್‌ನ ಸೌತ್‌ಮಾರ್ಕ್ ಅನ್ನುವ ಹಣಕಾಸು ಸಂಸ್ಥೆಯ ಕೈ ಸೇರಿತ್ತು. ಆ ಸಂಸ್ಥೆ 1989ರಲ್ಲಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಥೌಸಂಡ್ ಟ್ರೇಲ್ಸ್ ಅನ್ನು ಸೇರಿಸಿಕೊಂಡ ಯುಎಸ್‌ಟ್ರೇಲ್ಸ್ ಅನ್ನುವ ಕಂಪನಿ ಕೂಡ 1991ರಲ್ಲಿ ದಿವಾಳಿ ಕೋರ್ಟಿನ ಬಾಗಿಲು ಹತ್ತಿತು. ಸದಸ್ಯರು ಕಟ್ಟಿದ ದುಡ್ಡಿಗೆ ಎಷ್ಟೋ ಪಾರ್ಕುಗಳನ್ನು ತೋರಿಸಿದ್ದರು. ಆಮೇಲೆ ಕೆಲವು ಪಾರ್ಕುಗಳು ಮಾರಾಟವಾದವು. ಒಪ್ಪಂದ ಇದ್ದರೂ ಪಾರ್ಕ್ ಇಲ್ಲ. ಲೈಫ್‌ಟೈಮ್ ಅನ್ನುವ ಮಾತು ಯಾರ ಜೀವಮಾನದ್ದು ಅಂತ ಕೇಳಬೇಕಾದದ್ದು ಅದಕ್ಕೇ. 2004ರಲ್ಲಿ, ಸ್ಯಾಮ್ ಜೆಲ್ ಮುಖ್ಯಸ್ಥರಾಗಿದ್ದ ಈಕ್ವಿಟಿ ಲೈಫ್‌ಸ್ಟೈಲ್ ಪ್ರಾಪರ್ಟೀಸ್ ಅನ್ನುವ ಕಂಪನಿ ಥೌಸಂಡ್ ಟ್ರೇಲ್ಸ್‌ನ 57 ಪಾರ್ಕುಗಳ ಜಮೀನನ್ನು 160 ಮಿಲಿಯನ್ ಡಾಲರಿಗೆ ಕೊಂಡಿತು. 2008ರಲ್ಲಿ ಪಾರ್ಕು ನಡೆಸುವ ಕೆಲಸವನ್ನೂ ತಾನೇ ವಹಿಸಿಕೊಂಡಿತು. ಜಮೀನೂ ನಿರ್ವಹಣೆಯೂ ಒಂದೇ ಕೈಗೆ ಬಂದ ಮೇಲೆ ಪರಿಸ್ಥಿತಿ ಮೊದಲಿಗಿಂತ ಗಟ್ಟಿಯಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು.

ಆಮೇಲೆ ಥೌಸಂಡ್ ಟ್ರೇಲ್ಸ್‌ನಲ್ಲಿ ಬಂದದ್ದು ವರ್ಷದ ಪಾಸ್. ದೊಡ್ಡ ಮೊತ್ತ ಬೇಡ, ದೇಶವನ್ನು ಐದು ವಲಯ ಮಾಡಿ, ಬೇಕಾದ ವಲಯಕ್ಕೆ ಮಾತ್ರ ಕೆಲವು ನೂರು ಡಾಲರ್ ಕಟ್ಟಿ ಸೇರುವುದು. 14 ರಾತ್ರಿ ತಂಗಿದರೆ 7 ರಾತ್ರಿ ಹೊರಗಿರಬೇಕು. 4 ರಾತ್ರಿ ಅಥವಾ ಅದಕ್ಕಿಂತ ಕಡಿಮೆ ತಂಗಿದರೆ ನೇರವಾಗಿ ಇನ್ನೊಂದು ಪಾರ್ಕಿಗೆ ಹೋಗಬಹುದು. ಸಾವಿರಾರು ಡಾಲರಿನ ಮೇಲ್ದರ್ಜೆಯ ಸದಸ್ಯತ್ವಗಳಲ್ಲಿ ಈ ಹೊರಗಿನ ವಾರ ಇರುವುದಿಲ್ಲ, ಬುಕಿಂಗೂ ಬೇಗ ಸಿಗುತ್ತದೆ. ನಿಯಮಗಳು ಆಗಾಗ ಬದಲಾಗುತ್ತವೆ, ಸಹಿ ಹಾಕುವ ದಿನದ ಕಾಗದದಲ್ಲಿ ಇದ್ದದ್ದೇ ಲೆಕ್ಕ.

ಈಗ ಅತ್ತಿಗೆಯ ಪ್ರಶ್ನೆ. ಜನ ಸಾಮಾನ್ಯವಾಗಿ ಪಾಸಿನ ಬೆಲೆಯನ್ನು ತಂಗಿದ ರಾತ್ರಿಗಳಿಂದ ಭಾಗಿಸಿ, ಎಷ್ಟು ಅಗ್ಗ ಅಂತ ಖುಷಿಪಡುತ್ತಾರೆ. ಫುಲ್‌ಟೈಮರ್ ನೋಡಬೇಕಾದದ್ದು ಹೊರಗಿನ ರಾತ್ರಿಗಳನ್ನು. 21 ರಾತ್ರಿಯ ಒಂದು ಸುತ್ತಿನಲ್ಲಿ 14 ಒಳಗೆ, 7 ಹೊರಗೆ. ವರ್ಷಕ್ಕೆ ಸುಮಾರು 243 ರಾತ್ರಿ ಒಳಗೆ, 122 ರಾತ್ರಿ ಹೊರಗೆ. ಹೊರಗಿನ ಪಾರ್ಕಿಗೆ ರಾತ್ರಿಗೆ 50 ಡಾಲರ್ ಅಂತ ಇಟ್ಟುಕೊಂಡರೆ 6,100 ಡಾಲರ್ ಆಗುತ್ತದೆ. ಪಾಸಿನ ಬೆಲೆ ಇದರ ಮುಂದೆ ಏನೂ ಅಲ್ಲ. ಇನ್ನು ಡೀಸೆಲ್. ಒಂದು ಸುತ್ತಿಗೆ ಎರಡು ಸಲ ಜಾಗ ಬದಲಿಸಬೇಕು, ವರ್ಷಕ್ಕೆ ಸುಮಾರು 35 ಸಲ. ಒಂದೊಂದು ಸಲ 200 ಮೈಲಿ, ಗಾಡಿ ಗ್ಯಾಲನ್‌ಗೆ 8 ಮೈಲಿ ಕೊಟ್ಟರೆ 25 ಗ್ಯಾಲನ್. ಗ್ಯಾಲನ್‌ಗೆ 4 ಡಾಲರ್ ಅಂದರೂ ವರ್ಷಕ್ಕೆ 3,500 ಡಾಲರ್. ಒಂದೇ ಊರಲ್ಲಿ ಎರಡು ಮೂರು ತಿಂಗಳು ಇರಲು ಇಷ್ಟಪಡುವವರಿಗೆ ಯಾವ ಸದಸ್ಯತ್ವವೂ ಬೇಕಾಗಿಲ್ಲ. ಖಾಸಗಿ ಪಾರ್ಕುಗಳ ತಿಂಗಳ ಬಾಡಿಗೆ ದಿನದ ದರಕ್ಕಿಂತ ಎಷ್ಟೋ ಕಡಿಮೆ. ಕರೆಂಟಿಗೆ ಮಾತ್ರ ಮೀಟರ್ ಇರುತ್ತದೆಯೇ ಅಂತ ಕೇಳಿಕೊಳ್ಳಬೇಕು.

ಆ ಏಳು ರಾತ್ರಿಯನ್ನು ಪುಕ್ಕಟೆ ಕಳೆಯುವ ದಾರಿ ಗೊತ್ತಿದ್ದವರಿಗೆ ಲೆಕ್ಕ ತಲೆಕೆಳಗಾಗುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಬಿಎಲ್‌ಎಂ ಅನ್ನುವ ಕೇಂದ್ರ ಇಲಾಖೆಯ ಬಯಲು ಭೂಮಿ ಬೇಕಾದಷ್ಟಿದೆ. ಸಾಮಾನ್ಯವಾಗಿ 28 ದಿನದ ಅವಧಿಯಲ್ಲಿ 14 ದಿನ ಬಾಡಿಗೆ ಇಲ್ಲದೆ ನಿಲ್ಲಬಹುದು. ನೀರು, ಕರೆಂಟು ಇಲ್ಲ. ಸೋಲಾರ್, ಬ್ಯಾಟರಿ, ಟ್ಯಾಂಕ್‌ನಲ್ಲಿ ನೀರು ಇಟ್ಟುಕೊಂಡು ಇರಬೇಕು. ಅರಿಜೋನಾದ ಕ್ವಾರ್ಟ್‌ಸೈಟ್‌ನಲ್ಲಿ 1983ರಿಂದ ಚಳಿಗಾಲದ ದೀರ್ಘ ವಾಸದ ಜಾಗಗಳಿವೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಇಡೀ ಋತುವಿಗೆ 180 ಡಾಲರ್. ನಾವು ಅಲ್ಲಿ ಕಳೆದ ಜನವರಿಯ ರಾತ್ರಿಗಳನ್ನು ಮರೆಯಲಾರೆ. ಅಷ್ಟೊಂದು ನಕ್ಷತ್ರಗಳನ್ನು ಚಿಕ್ಕಂದಿನಲ್ಲಿ ಊರಿನ ಜಗಲಿ ಮೇಲೆ ಮಲಗಿ ನೋಡಿದ ಮೇಲೆ ಮತ್ತೆ ಕಂಡದ್ದು ಅಲ್ಲೇ. 2009ರಲ್ಲಿ ಶುರುವಾದ ಹಾರ್ವೆಸ್ಟ್ ಹೋಸ್ಟ್ಸ್ ಮೂಲಕ ತೋಟ, ದ್ರಾಕ್ಷಾರಸ ತಯಾರಿಸುವ ಜಾಗಗಳಲ್ಲಿ ಒಂದು ರಾತ್ರಿ ತಂಗಬಹುದು. ಅಲ್ಲಿ ಏನಾದರೂ ಕೊಳ್ಳುವುದು ಮರ್ಯಾದೆ. 1992ರಲ್ಲಿ ಶುರುವಾದ ಪಾಸ್‌ಪೋರ್ಟ್ ಅಮೆರಿಕ ಅನ್ನುವ ರಿಯಾಯಿತಿ ಕ್ಲಬ್‌ನ ಕಾರ್ಡ್ ಇದ್ದರೆ, ಒಪ್ಪಿಕೊಂಡ ಪಾರ್ಕುಗಳಲ್ಲಿ ಅರ್ಧ ದರ.

ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಸೀನಿಯರ್ ಪಾಸ್ ಬಗ್ಗೆ ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. 62 ತುಂಬಿದ, ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಯಾರಿಗಾದರೂ ಇದು ಸಿಗುತ್ತದೆ. ಜೀವನಪೂರ್ತಿಗೆ 80 ಡಾಲರ್. ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಉಚಿತ, ಅನೇಕ ಕೇಂದ್ರ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ದರ. ಅಣ್ಣನಿಗೆ ಅರವತ್ತಮೂರು. ಮೊದಲು ಅದನ್ನು ಮಾಡಿಸು ಅಂದೆ.

ಇವೆಲ್ಲಕ್ಕಿಂತ ಬೇರೆ ಬಗೆಯ ಸಂಘ ಎಸ್ಕೇಪೀಸ್. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಕಟ್ಟಿದ್ದು, ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿದೆ. ಇವರು ಸ್ವತಃ ಗಾಡಿಯಲ್ಲಿ ಬದುಕಿದವರು. ಹಾಗಾಗಿ ಈ ಸಂಘ ಹುಟ್ಟಿದ್ದೇ ಫುಲ್‌ಟೈಮರ್‌ಗೆ ಏನು ಬೇಕು ಅನ್ನುವುದರಿಂದ. ಮನೆ ಇಲ್ಲದವರಿಗೆ ಅಂಚೆ ವಿಳಾಸ ಬೇಕು, ವೋಟಿಗೆ, ಲೈಸೆನ್ಸಿಗೆ, ವಿಮೆಗೆ ಒಂದು ರಾಜ್ಯ ಬೇಕು. ಅದಕ್ಕೆ ಇವರ ಅಂಚೆ ಸೇವೆ ಇದೆ. ವಯಸ್ಸಾಗಿ ಗಾಡಿ ಓಡಿಸಲಾಗದವರು ತಮ್ಮ ಗಾಡಿಯಲ್ಲೇ ಇದ್ದುಕೊಂಡು ಆರೈಕೆ ಪಡೆಯುವ ಕೇರ್ ಅನ್ನುವ ಕೇಂದ್ರವನ್ನೂ ಲಿವಿಂಗ್‌ಸ್ಟನ್‌ನಲ್ಲೇ ಕಟ್ಟಿದರು. ಈ ಒಂದು ಕೆಲಸಕ್ಕಾಗಿ ನನಗೆ ಆ ದಂಪತಿಯ ಮೇಲೆ ತುಂಬಾ ಗೌರವ.

ಮತ್ತೆ ಥೌಸಂಡ್ ಟ್ರೇಲ್ಸ್ ವಿಷಯ. ಪಾರ್ಕುಗಳು ಎಲ್ಲಿವೆ ಅನ್ನುವುದಕ್ಕೂ ಆ ಹಳೆಯ ಲೆಕ್ಕವೇ ಕಾರಣ. ದೊಡ್ಡ ನಗರಗಳ ಸುತ್ತ ಕಟ್ಟಿದ್ದರಿಂದ ಎರಡು ಕರಾವಳಿಗಳಲ್ಲಿ, ಟೆಕ್ಸಸ್, ಫ್ಲೋರಿಡಾಗಳಲ್ಲಿ ಜಾಸ್ತಿ. ರಾಕಿ ಪರ್ವತದ ರಾಜ್ಯಗಳಲ್ಲಿ ತೀರಾ ಕಡಿಮೆ. ಯೆಲ್ಲೋಸ್ಟೋನ್, ಗ್ಲೇಸಿಯರ್ ಅಂತ ಕನಸು ಕಟ್ಟಿಕೊಂಡವರಿಗೆ ಇದು ಕೈಕೊಡುತ್ತದೆ. ಎಷ್ಟೋ ಜಾಗಗಳನ್ನು ಆ ಕಾಲದ ಸಣ್ಣ ಟ್ರೈಲರ್‌ಗಳ ಅಳತೆಗೆ ಮಾಡಿದ್ದು. ಕಿರಿದಾದ ತಿರುವು, 30 ಆಂಪ್ ಕರೆಂಟು. ಅಣ್ಣನ ಗಾಡಿ 38 ಅಡಿ, 50 ಆಂಪ್‌ನದು. ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಮೊದಲಿನಿಂದಲೂ ನೂಕುನುಗ್ಗಲು. 2021ರಲ್ಲಿ ಆರ್‌ವಿ ಕಾರ್ಖಾನೆಗಳಿಂದ ಹೊರಬಿದ್ದ ಗಾಡಿಗಳು 6 ಲಕ್ಷ ದಾಟಿದವು, ಅದು ದಾಖಲೆ. ಪಾರ್ಕಿನ ಜಾಗಗಳು ಆ ವೇಗದಲ್ಲಿ ಹೆಚ್ಚಲಿಲ್ಲ.

ಸೆಕೆಂಡ್‌ಹ್ಯಾಂಡ್ ಸದಸ್ಯತ್ವ ಕೊಳ್ಳುವುದೂ ಒಂದು ದಾರಿ. ಸಾವಿರಾರು ಡಾಲರ್ ಕೊಟ್ಟು ಕೊಂಡವರು ವಯಸ್ಸಾದ ಮೇಲೆ ಬಹಳ ಕಡಿಮೆಗೆ ಬಿಟ್ಟುಕೊಡುತ್ತಾರೆ. ಆದರೆ ಮೊದಲ ಮಾಲೀಕರಿಗೆ ಇದ್ದ ಎಲ್ಲ ಸೌಲಭ್ಯ ವರ್ಗಾವಣೆಯಲ್ಲಿ ಬರುತ್ತದೆಯೇ, ವರ್ಗಾವಣೆ ಶುಲ್ಕ ಎಷ್ಟು, ವಾರ್ಷಿಕ ಶುಲ್ಕ ಏರುವುದಕ್ಕೆ ಮಿತಿ ಇದೆಯೇ, ನಮಗೆ ಸಾಕಾದಾಗ ಬಿಟ್ಟು ಹೊರಬರುವುದು ಹೇಗೆ ಅನ್ನುವುದನ್ನು ಕಂಪನಿಯಿಂದಲೇ ಲಿಖಿತವಾಗಿ ಪಡೆಯಬೇಕು. ಕೊನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಗಾಡಿ ಮಾರಿದ ಮೇಲೂ ವಾರ್ಷಿಕ ಶುಲ್ಕದ ಬಿಲ್ ಬರುತ್ತಿರುತ್ತದೆ.

ಭಾನುವಾರ ಅತ್ತಿಗೆ ಮತ್ತೆ ಫೋನ್ ಮಾಡಿದರು. ಗೋಡೆ ಕ್ಯಾಲೆಂಡರ್ ತಂದು, ಒಂದು ವರ್ಷ ಎಲ್ಲೆಲ್ಲಿ ಇರಬೇಕು ಅಂತ ಇಬ್ಬರೂ ಕೂತು ಗುರುತು ಹಾಕಿದ್ದಾರೆ. ಮೊಮ್ಮಗುವಿಗಾಗಿ ಡೆನ್ವರ್‌ನಲ್ಲಿ ಮೂರು ತಿಂಗಳು, ಚಳಿಗಾಲ ಅರಿಜೋನಾದ ಬಯಲಲ್ಲಿ, ವಸಂತದಲ್ಲಿ ಒರೆಗಾನ್, ವಾಷಿಂಗ್ಟನ್ ಕರಾವಳಿ. ಪಾರ್ಕುಗಳ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಸದಸ್ಯತ್ವ ಕೆಲಸಕ್ಕೆ ಬರುವುದು ಆ ವಸಂತದ ಹತ್ತು ವಾರಕ್ಕೆ ಮಾತ್ರ. ಆ ಒಂದು ವಲಯದ ಪಾಸ್ ಸಾಕು, ಅದೂ ಒಂದು ವರ್ಷಕ್ಕೆ ಅಂತ ತೀರ್ಮಾನಿಸಿದ್ದಾರೆ. ಅದಕ್ಕೂ ಮುಂಚೆ, ಸದಸ್ಯರಾಗದೆ, ದುಡ್ಡು ಕೊಟ್ಟು ಎರಡು ರಾತ್ರಿ ಅಂಥ ಪಾರ್ಕೊಂದರಲ್ಲಿ ತಂಗಿ, ಮೂವತ್ತೆಂಟು ಅಡಿಯ ಗಾಡಿ ಆ ತಿರುವುಗಳಲ್ಲಿ ತಿರುಗುತ್ತದೆಯೇ ಅಂತ ನೋಡುತ್ತಾರಂತೆ.